ಮಂಗಳಮ್ಮನ ಬೈಗುಳ, ಬಿಳಿಯನ ಊಟ

ಹೂಟಗಳ್ಳಿಯಲ್ಲಿ ಮಂಗಳಮ್ಮನ ಮುದ್ದೆ ಹೋಟೆಲ್ ಎಲ್ಲಿ ಅಂತ ಕೇಳಿದರೆ ಯಾರೂ ಕ್ರಾಸು, ಮೇನು ಅಂತ ಹೇಳುವುದಿಲ್ಲ. ಊಟದ ಹೊತ್ತಿಗೆ ಬನ್ನಿ, ಬೈಗುಳ ಕೇಳಿಸುತ್ತೆ, ಅದರ ಜಾಡು ಹಿಡಿದು ಹೋಗಿ ಅನ್ನುತ್ತಾರೆ. ಹೋಟೆಲ್ ಅಂದರೆ ಏನು ಮಹಾ, ಮನೆಯ ಮುಂದೆ ಶೀಟು ಇಳಿಸಿ ನಾಲ್ಕು ಟೇಬಲ್ ಹಾಕಿದ್ದು ಅಷ್ಟೆ. ಬೋರ್ಡೂ ಇಲ್ಲ. ಒಂದು ಬೋರ್ಡು ಬರೆಸೋಣ ಅಂತ ಗಂಡ ಪುಟ್ಟಸ್ವಾಮಿ ಒಂದು ಸಲ ಬಾಯಿ ಬಿಟ್ಟರು. ಬೋರ್ಡು ನೆಕ್ಕಿದರೆ ಹೊಟ್ಟೆ ತುಂಬುತ್ತಾ ಅಂತ ಅನ್ನಿಸಿಕೊಂಡು ಅವತ್ತೇ ಆ ಆಸೆ ಬಿಟ್ಟರು. ಪುಟ್ಟಸ್ವಾಮಿ ಮೇಟಗಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದು ರಿಟೈರ್ ಆದವರು. ಮಾತು ಬಲು ಕಡಿಮೆ. ಮದುವೆಯಾದಾಗಿನಿಂದ ಅವರ ಪಾಲಿನ ಮಾತನ್ನೂ ಹೆಂಡತಿಯೇ ಆಡಿಕೊಂಡು ಬಂದಿದ್ದಾರೆ.

ಈ ಬೈಗುಳದ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. ಇಲ್ಲದಿದ್ದರೆ ನೀವು ಮಂಗಳಮ್ಮನನ್ನು ಬರೀ ಗಯ್ಯಾಳಿ ಅಂದುಕೊಂಡುಬಿಡುತ್ತೀರಿ. ಅವರು ಎಲ್ಲರನ್ನೂ ಬೈಯುವವರಲ್ಲ. ಹೊಸಬರು ಬಂದರೆ ಬನ್ನಿ ಸಾರ್, ಕೂತ್ಕೊಳಿ ಸಾರ್, ಇನ್ನೊಂದ್ ಸ್ವಲ್ಪ ಸಾರ್ ಹಾಕ್ಲಾ ಸಾರ್ ಅಂತ ಮರ್ಯಾದೆಯೋ ಮರ್ಯಾದೆ. ಫ್ಯಾಕ್ಟರಿ ಗೇಟಿನ ವಾಚ್‌ಮನ್ ಚಾಮಯ್ಯ ಎಷ್ಟೋ ತಿಂಗಳು ಈ ಮರ್ಯಾದೆಯಲ್ಲೇ ಉಂಡು, ಪಕ್ಕದ ಟೇಬಲ್ಲಿನವರಿಗೆಲ್ಲ ಬೈಗುಳ ಬೀಳುವುದನ್ನು ನೋಡಿ ನೋಡಿ, ಕೊನೆಗೆ ಪುಟ್ಟಸ್ವಾಮಿಯ ಕಿವಿಯಲ್ಲಿ ತನ್ನಿಂದೇನು ತಪ್ಪಾಗಿದೆ ಅಂತ ಕೇಳಿದ್ದ. ಒಂದು ದಿನ ಅವನು ಅರ್ಧ ಮುದ್ದೆ ಬಿಟ್ಟು ಎದ್ದಾಗ, ಯಾರಿಗ್ ಬಿಟ್ಟು ಎದ್ದೋಯ್ತಿದ್ದೀಯ, ನಿಮ್ ತಾತ ಬಂದ್ ತಿಂತಾನಾ ಅಂತ ಮಂಗಳಮ್ಮ ಗದರಿದರು. ಚಾಮಯ್ಯ ಕೂತು ಪೂರ್ತಿ ಉಂಡು, ಮೀಸೆ ಒರೆಸಿಕೊಂಡು ನಗುತ್ತ ಡ್ಯೂಟಿಗೆ ಹೋದ. ಅವತ್ತಿನಿಂದ ಅವನು ಬೇರೆ ಕಡೆ ಊಟ ಮಾಡಿಲ್ಲ.

ಮಂಗಳಮ್ಮನ ಬಾಯಿಂದ ಎಲ್ಲರಿಗಿಂತ ಹೆಚ್ಚು ಬೈಸಿಕೊಂಡ ಜೀವ ಅಂದರೆ ಬಿಳಿಯ. ಅದು ನಾಯಿ. ಮಗಳು ಅನು ಹೈಸ್ಕೂಲಿನಲ್ಲಿದ್ದಾಗ ಎತ್ತಿಕೊಂಡು ಬಂದ ಬೀದಿ ಮರಿ. ಪಕ್ಕದ ಸೈಟಿನಲ್ಲಿ ಕಟ್ಟುತ್ತಿದ್ದ ಮನೆಯ ವಾಲ್‌ಪುಟ್ಟಿ ಪುಡಿಯಲ್ಲಿ ಹೊರಳಾಡಿ ಬೆಳ್ಳಗೆ ಬೆಣ್ಣೆಯ ಹಾಗಿತ್ತು. ಅನು ಬಿಳಿಯ ಅಂತ ಹೆಸರಿಟ್ಟು, ಬೀದಿಗೆಲ್ಲ ಸಾರಿ, ಆಮೇಲೆ ಸ್ನಾನ ಮಾಡಿಸಿದಳು. ತೊಳೆದು ನೋಡಿದರೆ ಥೇಟ್ ಮುದ್ದೆಯ ಬಣ್ಣ. ಹೆಸರು ಬದಲಾಯಿಸೋಣ ಅಂದರೆ ಮರಿ ಆಗಲೇ ಆ ಹೆಸರಿಗೆ ಕಿವಿ ನಿಮಿರಿಸಲು ಶುರುಮಾಡಿತ್ತು. ನಾಯಿ ಮನೆಯ ಹೊಸಿಲು ದಾಟಕೂಡದು ಅಂತ ಮಂಗಳಮ್ಮ ಮೊದಲನೆಯ ದಿನವೇ ಕಾಯಿದೆ ಮಾಡಿದರು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದು ಅಡುಗೆಮನೆಯ ಹೊಸಿಲು ದಾಟಕೂಡದು ಅಂತಾಯಿತು. ಮುಂದಿನ ಚಳಿಗಾಲದಲ್ಲಿ ಬಿಳಿಯ ಗ್ರೈಂಡರಿನ ಪಕ್ಕ, ಮಂಗಳಮ್ಮನ ಹಳೆಯ ಸೀರೆಯನ್ನು ಮಡಿಸಿ ಹಾಸಿದ ಹಾಸಿಗೆಯಲ್ಲಿ ಗೊರಕೆ ಹೊಡೆಯುತ್ತಿದ್ದ. ಆ ಸೀರೆ ಹಾಸಿದವರು ಯಾರು ಅಂತ ಅನು ಕೇಳಿದರೆ, ನನಗೇನು ಗೊತ್ತು, ನಿಮ್ಮಪ್ಪನನ್ನು ಕೇಳು ಅನ್ನುತ್ತಿದ್ದರು.

ಸಂಜೆ ಪಾತ್ರೆಗಳನ್ನೆಲ್ಲ ತೊಳೆದು ಹಾಕಿದ ಮೇಲೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬಿಳಿಯನಿಗೆ ಊಟ. ಹಳೆಯ ಅಲ್ಯೂಮಿನಿಯಂ ಬೋಗುಣಿಯಲ್ಲಿ ಮುದ್ದೆ ಕಿವುಚಿ ಸಾರು ಹಾಕಿ ತಂದು, ಕೆಳಗಿಡುವ ಮೊದಲು ಮಂಗಳಮ್ಮ ದಿನವೂ ಒಂದೇ ಮಂತ್ರ ಹೇಳುತ್ತಿದ್ದರು.

"ಎಲ್ಲೋಗಿದ್ಯೋ ಮೂದೇವಿ, ಊರ್ ಮೇಯಕ್ಕೋಗಿದ್ಯಾ? ನಿನ್ ಮನೆ ಎಕ್ಕುಟ್ಟೋಗ. ತಗೋ, ತಿಂದ್ ಸಾಯಿ."

ನಾಯಿಯ ಮನೆ ಎಕ್ಕುಟ್ಟಿ ಹೋದರೆ ಹೋಗುವುದು ನಮ್ಮದೇ ಮನೆ ಅಲ್ಲವೇ ಅಂತ ಪುಟ್ಟಸ್ವಾಮಿಗೆ ಅನ್ನಿಸುತ್ತಿತ್ತು. ಹೇಳುವ ಧೈರ್ಯ ಇರಲಿಲ್ಲ. ಬಿಳಿಯ ಮಾತ್ರ ಬಾಲದಲ್ಲಿ ನೆಲ ಗುಡಿಸುತ್ತ ಅಷ್ಟನ್ನೂ ಕೇಳಿ, ಆ ಕೊನೆಯ ಮಾತು ಬಿದ್ದ ಮೇಲೆಯೇ ಬೋಗುಣಿಗೆ ಬಾಯಿ ಹಾಕುತ್ತಿದ್ದ. ಯಾರೂ ಕಲಿಸಿದ್ದಲ್ಲ. ಅನು ಬಡಿಸಿದರೆ ಅವನು ಬೋಗುಣಿ ಬಿಟ್ಟು ಅಡುಗೆಮನೆ ಬಾಗಿಲು ನೋಡುತ್ತಾ ಕೂರುತ್ತಿದ್ದ. ಮಂಗಳಮ್ಮ ಅಣ್ಣನ ಊರಿಗೆ ಹೋದಾಗಲಂತೂ ಪುಟ್ಟಸ್ವಾಮಿ ಫೋನ್ ಹಚ್ಚಿ, ಸ್ಪೀಕರ್ ಆನ್ ಮಾಡಿ, ಬೋಗುಣಿಯ ಪಕ್ಕ ಇಡಬೇಕಾಗುತ್ತಿತ್ತು. ಆ ಕಡೆ ಅತ್ತಿಗೆ, ನಾದಿನಿಯರೆಲ್ಲ ಕೂತ ನಡುಮನೆಯಲ್ಲಿ ನಿಂತು ಮಂಗಳಮ್ಮ ಫೋನಿಗೆ, ತಿಂದ್ ಸಾಯಿ ಅಂತ ಕೂಗಿದರೆ, ಗಂಡನಿಗೆ ಹೀಗಾ ಅನ್ನೋದು ಅಂತ ಅವರೆಲ್ಲ ಬೆರಗಾಗುತ್ತಿದ್ದರು.

ಹೀಗೆ ವರ್ಷಗಳು ಕಳೆದವು. ಅನು ಮದುವೆಯಾಗಿ ರಾಜೀವನಗರಕ್ಕೆ ಹೋದಳು. ಬಿಳಿಯನ ಮೂತಿ ನರೆತು, ಕೊನೆಗೂ ಅಷ್ಟು ಭಾಗ ಹೆಸರಿಗೆ ತಕ್ಕ ಹಾಗೆ ಬೆಳ್ಳಗಾಯಿತು. ಬೀದಿಯಲ್ಲಿ ಸ್ಕೂಟರ್ ಅಟ್ಟಿಸಿಕೊಂಡು ಹೋಗುತ್ತಿದ್ದವನು ಈಗ ಸ್ಕೂಟರ್ ಹೋಗಿ ತಿರುವು ದಾಟಿದ ಮೇಲೆ ಒಂದು ಸಲ ಬೊಗಳಿ ಮಲಗುತ್ತಿದ್ದ. ಮಂಗಳಮ್ಮ ಅದಕ್ಕೂ ಬೈಯುತ್ತಿದ್ದರು.

ಎದುರು ಮನೆಯಲ್ಲಿ ಚೂಡಾಮಣಿ ಅಂತ ಒಬ್ಬರು, ಸಂಸ್ಕೃತ ಪಾಠ ಹೇಳಿ ನಿವೃತ್ತರಾದ ಮೇಡಂ. ಒಂದು ಸಂಜೆ ಅವರು ಕರಿಬೇವು ಕೇಳಿಕೊಂಡು ಬಂದಾಗ ಸರಿಯಾಗಿ ಬಿಳಿಯನ ಊಟದ ಹೊತ್ತು. ಮಂತ್ರ ಪೂರ್ತಿ ಕೇಳಿದ ಚೂಡಾಮಣಿ, ಸಂಜೆ ಹೊತ್ತಿನಲ್ಲಿ ಸಾಯಿ ಗೀಯಿ ಅಂತೆಲ್ಲ ಅನ್ನಬಾರದು, ಆ ಹೊತ್ತಿನಲ್ಲಿ ಅಸ್ತು ದೇವತೆಗಳು ಆಕಾಶದಲ್ಲಿ ಓಡಾಡುತ್ತಿರುತ್ತಾರೆ, ನಾವು ಅಂದದ್ದಕ್ಕೆ ಅವರು ಅಸ್ತು ಅಂದುಬಿಟ್ಟರೆ ಹಾಗೇ ಆಗಿಬಿಡುತ್ತೆ ಅಂತ ತಿಳಿಹೇಳಿದರು. ಮಂಗಳಮ್ಮ ನಕ್ಕುಬಿಟ್ಟರು. ಇಷ್ಟು ವರ್ಷದಿಂದ ಅನ್ನುತ್ತಿದ್ದೇನೆ, ಆ ದೇವತೆಗಳಿಗೆ ಹೂಟಗಳ್ಳಿ ಕಡೆ ಡ್ಯೂಟಿ ಇಲ್ಲ ಅಂತ ಕಾಣುತ್ತೆ ಅಂದರು.

ಆ ಮಾತಾಡಿ ವಾರ ಆಗಿರಲಿಲ್ಲ. ಬಿಳಿಯ ಬೆಳಗ್ಗೆ ಏಳಲು ಹೋಗಿ ಹಿಂಗಾಲು ಕುಸಿದು ಕೂತುಬಿಟ್ಟ. ಅನು ಓಡಿ ಬಂದು, ಅವನನ್ನೂ ಅಮ್ಮನನ್ನೂ ಆಟೋದಲ್ಲಿ ಕೂರಿಸಿಕೊಂಡು ನಾಯಿ ಡಾಕ್ಟರ್ ಲಹರಿ ಹತ್ತಿರ ಕರೆದುಕೊಂಡು ಹೋದಳು. ಆ ಡಾಕ್ಟರ್ ಹುಡುಗಿ ರಕ್ತ ಪರೀಕ್ಷೆ ಮಾಡಿಸಿ, ಎರಡೂ ಕಿಡ್ನಿ ಸೋತಿವೆ, ವಯಸ್ಸಾಯಿತಲ್ಲ ಆಂಟಿ, ಇದು ವಾಸಿಯಾಗುವುದಲ್ಲ, ಹೊಟ್ಟೆಗೆ ತಿನ್ನುವವರೆಗೂ ಚೆನ್ನಾಗಿ ನೋಡಿಕೊಳ್ಳಿ ಅಂತ ಹೇಳಿದಳು. ಮಂಗಳಮ್ಮ ತಲೆಯಾಡಿಸಿದರು. ತಲೆಯಾಡಿಸಿದ್ದು ಬರೀ ಕತ್ತು. ಒಳಗೆ ಕೂತಿದ್ದದ್ದು ಒಂದೇ, ಇದೆಲ್ಲ ನನ್ನ ಹಾಳು ಬಾಯಿಯ ಕೆಲಸ, ದೇವತೆಗಳು ಕೊನೆಗೂ ಅಸ್ತು ಅಂದುಬಿಟ್ಟರು. ಅವರಿಗೆ ನಿಜವಾಗಿ ಹೆದರಿಕೆಯಾಯಿತು. ಗಂಡನಿಗೂ ಹೇಳಲಿಲ್ಲ. ಮಾರನೆಯ ದಿನ ಬಸ್ಸು ಹತ್ತಿ ಚಾಮುಂಡಿ ಬೆಟ್ಟಕ್ಕೆ ಹೋಗಿ ಹರಕೆ ಹೊತ್ತು ಬಂದರು. ಜನ ಕೂದಲು ಕೊಡುತ್ತಾರೆ, ಅಕ್ಕಿ ಬಿಡುತ್ತಾರೆ, ಬಾಳೆಹಣ್ಣು ಬಿಡುತ್ತಾರೆ. ಮಂಗಳಮ್ಮ ಬಿಳಿಯನಿಗಾಗಿ ಬೈಯುವುದನ್ನು ಬಿಟ್ಟರು.

ಅವತ್ತು ಸಂಜೆ ಬೋಗುಣಿ ಹಿಡಿದು ಬಂದು, ಬಾಪ್ಪ ಬಿಳಿಯಪ್ಪ, ಊಟ ಮಾಡಪ್ಪ ಕಂದ ಅಂದರು. ಬಿಳಿಯ ತಿರುಗಿ ಹಿಂದೆ ನೋಡಿದ. ಯಾರಾದರೂ ನೆಂಟರು ಬಂದಿದ್ದಾರೇನೋ ಅಂದುಕೊಂಡಿರಬೇಕು. ಯಾರೂ ಇಲ್ಲದ್ದು ನೋಡಿ ಮಂಗಳಮ್ಮನ ಮುಖವನ್ನೇ ದಿಟ್ಟಿಸಿದ. ಬೋಗುಣಿ ಮುಟ್ಟಲಿಲ್ಲ. ಮಾರನೆಯ ದಿನ ಮೊಸರನ್ನ, ಅದರ ಮಾರನೆಯ ದಿನ ನಾಟಿ ಕೋಳಿಯ ಸಾರು, ಆಮೇಲೆ ಅನು ತಂದ ಪ್ಯಾಕೆಟ್ ಊಟ. ಎಲ್ಲದರ ಜೊತೆಗೂ ಕಂದ, ಚಿನ್ನ, ಬಂಗಾರ. ತಿಂದು ಚೆನ್ನಾಗಿರಪ್ಪ ಅಂತಲೂ ಹೇಳಿ ನೋಡಿದರು. ಮಂಗಳಮ್ಮನ ಮರ್ಯಾದೆ ಹೆಚ್ಚಿದಷ್ಟೂ ನಾಯಿ ಬಡಕಲಾಯಿತು.

ಹೋಟೆಲಿನ ಕಥೆಯೂ ಅಷ್ಟೇ ಆಯಿತು. ಹರಕೆಯ ವಿಚಾರ ಗಿರಾಕಿಗಳಿಗೆ ಹೇಗೆ ಗೊತ್ತಾಗಬೇಕು? ಚಾಮಯ್ಯ ಮುದ್ದೆ ಬಿಟ್ಟು ಎದ್ದರೂ ಪರವಾಗಿಲ್ಲ ಬಿಡಿ ಅಂದುಬಿಟ್ಟರು. ಅವನು ಗಾಬರಿಯಾಗಿ, ಅಮ್ಮನಿಗೆ ಹುಷಾರಿಲ್ವಾ, ಇಲ್ಲಾ ಹೋಟ್ಲು ಮುಚ್ತೀರಾ ಅಂತ ಪುಟ್ಟಸ್ವಾಮಿಯನ್ನು ಬೀದಿಗೆ ಕರೆದು ವಿಚಾರಿಸಿದ. ಡಾಕ್ಟರ್ ಲಹರಿ ಡ್ರಿಪ್ ಹಾಕಿ, ತಿನ್ನುವುದೇ ನಿಲ್ಲಿಸಿದರೆ ಇನ್ನು ಹೆಚ್ಚು ದಿನ ಇಲ್ಲ ಅಂದಳು. ಮಂಗಳಮ್ಮ ಗ್ರೈಂಡರಿನ ಹಿಂದೆ ಹೋಗಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತರು.

ಆಮೇಲೆ ನಡೆದದ್ದು ನೋಡಿ. ಒಂದು ಸಂಜೆ ಮುದ್ದೆಯ ಬೋಗುಣಿ ಬಿಳಿಯನ ಮುಂದೆ ಹಾಗೇ ಇದ್ದಾಗ, ಪುಟ್ಟಸ್ವಾಮಿ ಮಜ್ಜಿಗೆಯ ಪಾತ್ರೆ ಎತ್ತಿ ಇಡಲು ಹೋಗಿ, ತುಂಬಿದ ಪಾತ್ರೆಯನ್ನು ಹಿತ್ತಿಲ ಬಾಗಿಲಲ್ಲಿ ಕೈಬಿಟ್ಟರು. ಮಜ್ಜಿಗೆ ಒಗೆಯುವ ಕಲ್ಲಿನವರೆಗೂ ಹರಿಯಿತು. ಇಷ್ಟು ದಿನ ತಡೆದು ಇಟ್ಟುಕೊಂಡಿದ್ದೆಲ್ಲ ಮಂಗಳಮ್ಮನ ಬಾಯಿಂದ ಕಟ್ಟೆ ಒಡೆದು ಬಂತು. ಕಣ್ ಕಾಣಾಕಿಲ್ವಾ, ಕೈಗೇನ್ ಲಕ್ವ ಹೊಡೆದೈತಾ, ಒಂದ್ ಪಾತ್ರೆ ಎತ್ತಕ್ ಬರ್ದೋರು ಅದ್ಯಾವ್ ಸೀಮೆ ಫಿಟ್ಟರ್ ಆಗಿದ್ರಿ ಅಂತ ಶುರುವಾದದ್ದು, ಮದುವೆಯ ದಿನ ಬಾಸಿಂಗ ಸೊಟ್ಟಗೆ ಕಟ್ಟಿಕೊಂಡು ಬಂದವರೆಗೂ ಹೋಯಿತು. ಅಷ್ಟರಲ್ಲಿ ಚಪ್ಪರಿಸುವ ಸದ್ದು. ತಿರುಗಿ ನೋಡಿದರೆ ಬಿಳಿಯ ಆ ಕೊನೆಯ ಮಾತಿಗೂ ಕಾಯದೆ ಬೋಗುಣಿಗೆ ಬಾಯಿ ಹಾಕಿ ಮುದ್ದೆ ತಿನ್ನುತ್ತಿದ್ದಾನೆ. ಬಾಲ ಮೆಲ್ಲಗೆ ನೆಲ ಗುಡಿಸುತ್ತಿದೆ.

ಗಂಡನನ್ನು ಬೈಯುವುದಿಲ್ಲ ಅಂತ ತಾಯಿಗೆ ಮಾತು ಕೊಟ್ಟಿರಲಿಲ್ಲ, ಕೊಟ್ಟಿದ್ದು ನಾಯಿಯ ಬಾಬತ್ತು ಮಾತ್ರ ಅಂತ ಮಂಗಳಮ್ಮ ಅವತ್ತು ರಾತ್ರಿ ಹರಕೆಗೆ ಒಂದು ತಿದ್ದುಪಡಿ ತಂದರು. ಚಾಮುಂಡಿ ತಾಯಿ ಎದುರು ಮಾತಾಡಲಿಲ್ಲ.

ಮಾರನೆಯ ದಿನದಿಂದ ಪುಟ್ಟಸ್ವಾಮಿಯ ಕೈ ಜಾರುವುದಕ್ಕೆ ಶುರುವಾಯಿತು. ಸರಿಯಾಗಿ ಬಿಳಿಯನ ಊಟದ ಹೊತ್ತಿಗೇ ಅವರು ಚಪ್ಪಲಿ ಹಾಕಿಕೊಂಡು ಅಡುಗೆಮನೆಗೆ ನುಗ್ಗುವರು. ಒಣಗಿದ ಬಟ್ಟೆಯನ್ನು ಒದ್ದೆ ಬಕೆಟಿಗೆ ಹಾಕುವರು. ಸಕ್ಕರೆ ಡಬ್ಬದಲ್ಲಿ ಉಪ್ಪು ಸುರಿದರು ಒಂದು ದಿನ. ಮಂಗಳಮ್ಮ ಬೈಯುವುದು, ಬಿಳಿಯ ತಿನ್ನುವುದು. ಈ ಮನುಷ್ಯನಿಗೆ ಅರಳು ಮರಳಾಯಿತೇ ಅಂತ ಅವರಿಗೆ ಚಿಂತೆಯೂ ಹತ್ತಿತು. ಒಂದು ಸಂಜೆ ಕಿಟಕಿಯಿಂದ ನೋಡುತ್ತಾರೆ, ಪುಟ್ಟಸ್ವಾಮಿ ನೀರಿನ ಲೋಟ ಕೈಯಲ್ಲಿ ಹಿಡಿದುಕೊಂಡು, ಬಿಳಿಯ ಬೋಗುಣಿಯ ಮುಂದೆ ಕೂತನೇ ಅಂತ ಬಗ್ಗಿ ನೋಡಿ, ಕೂತ ಮೇಲೆ ಲೋಟವನ್ನು ಮೆಲ್ಲಗೆ ಬಗ್ಗಿಸಿ ಒಣಗಲು ಹರವಿದ್ದ ರಾಗಿಯ ಮೇಲೆ ನೀರು ಚೆಲ್ಲಿದರು. ಮಂಗಳಮ್ಮ ಹೊರಗೆ ಬಂದು ಯಾವತ್ತಿಗಿಂತ ಜೋರಾಗಿ ಬೈದರು. ತಮಗೆ ಗೊತ್ತಾಯಿತು ಅಂತ ಅವರೂ ಹೇಳಲಿಲ್ಲ, ಪುಟ್ಟಸ್ವಾಮಿಯಂತೂ ಏನನ್ನೂ ಹೇಳುವವರೇ ಅಲ್ಲ.

ದಸರಾ ಕಳೆಯಿತು, ದೀಪಾವಳಿ ಕಳೆಯಿತು. ಸಂಕ್ರಾಂತಿಯ ಎಳ್ಳು ಬೀರಿ ಆದ ಮೇಲೆ ಬಿಳಿಯನಿಗೆ ತಲೆ ಎತ್ತುವುದೂ ಕಷ್ಟವಾಯಿತು. ಪುಟ್ಟಸ್ವಾಮಿ ಒಂದು ಪಿಂಗಾಣಿ ಭರಣಿಯನ್ನೇ ಉಪ್ಪಿನಕಾಯಿ ಸಮೇತ ಒಡೆದರು. ಬಿಳಿಯ ಕಿವಿಯನ್ನು ಒಂದಿಷ್ಟು ಆಡಿಸಿ ಸುಮ್ಮನಾದ. ಮೂರು ದಿನ ನೀರು ಬಿಟ್ಟು ಏನೂ ಇಳಿಯಲಿಲ್ಲ. ಮೈಮೇಲೆ ಕೈ ಇಟ್ಟರೆ ಮುಲುಗುತ್ತಿದ್ದ. ಡಾಕ್ಟರ್ ಲಹರಿ ಮನೆಗೇ ಬಂದು ನೋಡಿ, ಇನ್ನು ಇಟ್ಟುಕೊಂಡರೆ ಅವನಿಗೆ ಬರೀ ನೋವು ಆಂಟಿ, ಇಂಜೆಕ್ಷನ್ ಕೊಟ್ಟು ಕಳಿಸಿಕೊಡೋಣ, ನೀವು ಹೂಂ ಅಂದರೆ ನಾಳೆ ಬೆಳಗ್ಗೆ ಬರುತ್ತೇನೆ ಅಂದಳು. ಅನು ಅಮ್ಮನ ಮುಖ ನೋಡಿದಳು. ಪುಟ್ಟಸ್ವಾಮಿ ನೆಲ ನೋಡಿದರು. ಮಂಗಳಮ್ಮ ಹೂಂ ಅಂದರು. ಅವರ ಜೀವನದಲ್ಲಿ ಅಷ್ಟು ಚಿಕ್ಕ ಮಾತು ಅವರು ಯಾವತ್ತೂ ಆಡಿದ್ದಿಲ್ಲ.

ಆದರೆ ಒಂದು ಮಾತ್ರ ಅವರಿಂದ ತಡೆಯಲಾಗಲಿಲ್ಲ. ನನ್ನ ಮನೆಯಿಂದ ಯಾರೂ ಹಸಿದ ಹೊಟ್ಟೆಯಲ್ಲಿ ಎದ್ದು ಹೋದದ್ದಿಲ್ಲ, ಇವನು ಮೂರು ದಿನದ ಉಪವಾಸದಲ್ಲಿ ಹೋಗುವುದಾ ಅಂತ ಬೆಳಗ್ಗೆ ಎದ್ದವರೇ ಮುದ್ದೆಗೆ ಎಸರಿಟ್ಟರು. ಹೋಟೆಲಿಗೆ ರಜ. ಬಿಳಿಯನನ್ನು ಅವನ ಸೀರೆಯ ಸಮೇತ ಎತ್ತಿ ತಂದು ಕರಿಬೇವಿನ ಗಿಡದ ಕೆಳಗೆ, ಒಗೆಯುವ ಕಲ್ಲಿನ ಪಕ್ಕ ಮಲಗಿಸಿದರು. ಚೂಡಾಮಣಿಯೂ ಬಂದು ಗೋಡೆಗೆ ಒರಗಿ ನಿಂತರು. ಡಾಕ್ಟರ್ ಬ್ಯಾಗು ಬಿಚ್ಚದೆ ಕಾದಳು.

ಮಂಗಳಮ್ಮ ಬೋಗುಣಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಂದು ತುತ್ತು ಮುದ್ದೆಯನ್ನು ಸಾರಿನಲ್ಲಿ ನೆನೆಸಿ ಬಾಯಿಯ ಹತ್ತಿರ ಹಿಡಿದರು. ಬಿಳಿಯ ಕಣ್ಣು ಬಿಟ್ಟು ಅವರನ್ನೇ ನೋಡಿದ. ಬಾಯಿ ತೆರೆಯಲಿಲ್ಲ. ಏನು ಕಾಯುತ್ತಿದ್ದಾನೆ ಅಂತ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಎಲ್ಲರಿಗಿಂತ ಚೆನ್ನಾಗಿ ಮಂಗಳಮ್ಮನಿಗೆ ಗೊತ್ತಿತ್ತು. ಇಷ್ಟು ತಿಂಗಳು ಇವನ ಮಟ್ಟಿಗೆ ನಾಲಿಗೆ ಕಟ್ಟಿಕೊಂಡು ಇದ್ದದ್ದೇ ಆ ಒಂದು ಮಾತು ಆಡಬಾರದು ಅಂತ. ಇವತ್ತು, ಸೂಜಿ ಹಿಡಿದು ಡಾಕ್ಟರ್ ಬಂದು ನಿಂತಿರುವಾಗ, ಅದನ್ನೇ ಆಡಬೇಕೇ ಅಂತ ಅವರು ಚೂಡಾಮಣಿಯ ಮುಖ ನೋಡಿದರು.

ಆಗ ಚೂಡಾಮಣಿ ಗೋಡೆ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದರು.

"ಬೈದುಬಿಡಿ ಮಂಗಳಮ್ಮ. ಆ ದೇವತೆಗಳು ಬರೋದು ಸಂಜೆ ಹೊತ್ತಿಗೆ. ಈಗಿನ್ನೂ ಬೆಳಗ್ಗೆ ಕಣ್ರೀ."

ಮಂಗಳಮ್ಮ ಮೂಗು ಒರೆಸಿಕೊಂಡರು. ಆಮೇಲೆ ಎದ್ದಿತು ನೋಡಿ ದನಿ.

"ಲೋ ಮೂದೇವಿ, ಬಿಕನಾಸಿ, ಹಿಂಗ್ ಬಿದ್ಕೊಂಡ್ರೆ ಬಾಗ್ಲು ಕಾಯೋರ್ ಯಾರೋ? ಮರಿಯಾಗಿದ್ದಾಗ ನನ್ ರೇಷ್ಮೆ ಸೀರೆ ಸೆರಗು ಕಚ್ಚಾಕ್ದೆ, ಸುಮ್ನಿದ್ದೆ. ಅನು ಮದ್ವೇಲಿ ಬೀಗರ ಚಪ್ಲಿ ಹೊತ್ಕೊಂಡೋಗಿ ನನ್ ಮಾನ ಕಳ್ದೆ, ಸುಮ್ನಿದ್ದೆ. ಅವಳು ಗಂಡನ್ ಮನೆಗ್ ಹೋದಾಗ ಒಂದ್ ವಾರ ನನ್ ಕಾಲ್ಮೇಲ್ ಮಲ್ಗಿ ನನ್ನ ಎದ್ದೇಳಕ್ ಬಿಡ್ಲಿಲ್ಲ. ನಿನ್ ಮನೆ ಎಕ್ಕುಟ್ಟೋಗ. ಯಾರನ್ ಕೇಳಿ ಇಷ್ಟ್ ವಯಸ್ಸಾದ್ಯೋ?"

ಸುಮ್ಮನಿದ್ದೆ ಅಂದದ್ದು ಅಪ್ಪಟ ಸುಳ್ಳು. ಆ ಸೆರಗಿನ ಬೈಗುಳ ವಾರಗಟ್ಟಲೆ ನಡೆದಿತ್ತು. ಆದರೆ ಯಾರೂ ತಿದ್ದಲು ಹೋಗಲಿಲ್ಲ. ಆ ದನಿ ಕೇಳಿ ಬೀದಿಯ ಕಡೆಯಿಂದ ಚಾಮಯ್ಯ ಬಂದು ಗೇಟಿನ ಹತ್ತಿರ ನಿಂತ. ಬಿಳಿಯನ ಬಾಲ ಸೀರೆಯ ಮೇಲೆ ಒಂದು ಸಲ ಆಡಿತು. ಇನ್ನೊಂದು ಸಲ ಆಡಿತು. ಬಾಯಿ ಮಾತ್ರ ಮುಚ್ಚಿಯೇ ಇತ್ತು, ಕಣ್ಣು ಮಂಗಳಮ್ಮನ ಬಾಯಿಯ ಮೇಲೆ.

"ತಗೋ," ಅಂದರು ಮಂಗಳಮ್ಮ. ತಡೆದರು. ಅವನ ನರೆತ ಮೂತಿಯನ್ನು ಎಡಗೈಯಲ್ಲಿ ಹಿಡಿದುಕೊಂಡರು. "ತಗೋ ಕಣೋ. ತಿಂದ್ ಸಾಯಿ."

ಬಿಳಿಯ ಬಾಯಿ ತೆರೆದ. ಮುದ್ದೆಯ ಚೂರು ನೆಕ್ಕಿದ, ನುಂಗಿದ. ಮತ್ತೊಂದು ಚೂರು ನುಂಗಿದ. ಅಂಗೈಗೆ ಮೆತ್ತಿದ್ದ ಸಾರನ್ನೂ ನಿಧಾನವಾಗಿ ನೆಕ್ಕಿ ಮುಗಿಸಿ, ಅದೇ ಕೈಯ ಮೇಲೆ ಗದ್ದ ಇಟ್ಟು ಮಲಗಿದ. ಮಂಗಳಮ್ಮ ಕೈ ಎಳೆದುಕೊಳ್ಳಲಿಲ್ಲ. ಇನ್ನು ನಿಮ್ಮ ಕೆಲಸ ಮಾಡಿಮ್ಮ ಅಂತ ಡಾಕ್ಟರಿಗೆ ಹೇಳಿದರು. ಇಂಜೆಕ್ಷನ್ ಆಗಿ ಉಸಿರು ನಿಲ್ಲುವವರೆಗೂ ಅವರು ಬಗ್ಗಿ ಅವನ ಕಿವಿಯಲ್ಲಿ ಏನೇನೋ ಬೈಯುತ್ತಲೇ ಇದ್ದರು. ಅನು ಜೋರಾಗಿ ಅತ್ತಳು. ಪುಟ್ಟಸ್ವಾಮಿ ಹಾರೆ ತರಲು ಹೋದರು. ಕರಿಬೇವಿನ ಗಿಡದ ಬುಡದಲ್ಲಿ ಚಾಮಯ್ಯನೂ ಸೇರಿ ಗುಂಡಿ ತೋಡಿದ. ಸೀರೆ ಸುತ್ತಿ, ಅರಿಶಿನ ಕುಂಕುಮ ಇಟ್ಟು, ಬೋಗುಣಿಯನ್ನೂ ಜೊತೆಗೆ ಇಟ್ಟು ಮಣ್ಣು ಮುಚ್ಚಿದರು.

ಸಂಜೆ ಅನುವೂ ಹೊರಟುಹೋದ ಮೇಲೆ ಮನೆಯಲ್ಲಿ ಸದ್ದೇ ಇಲ್ಲ. ಮಂಗಳಮ್ಮ ಬೆಳಗಿನ ಸಾರನ್ನೇ ಬಿಸಿ ಮಾಡಿ, ಮುದ್ದೆ ಕಟ್ಟಿ, ಗಂಡನ ಮುಂದೆ ತಟ್ಟೆ ಇಟ್ಟರು. ಒಂದು ಮಾತೂ ಆಡಲಿಲ್ಲ. ಒಲೆಯ ಕಡೆ ಹೋಗಿ ಬಂದು ನೋಡಿದರೆ ಪುಟ್ಟಸ್ವಾಮಿ ಕೈ ತೊಡೆಯ ಮೇಲೆ ಇಟ್ಟುಕೊಂಡು ಹಾಗೇ ಕೂತಿದ್ದಾರೆ. ಮುದ್ದೆ ಇಟ್ಟ ಹಾಗೇ ಇದೆ. ಸಾರು ಸಪ್ಪೆಯಾಯಿತಾ ಅಂತ ಮಂಗಳಮ್ಮ ಮೆಲ್ಲಗೆ ಕೇಳಿದರು. ಇಲ್ಲ ಅಂತ ಅವರು ತಲೆಯಾಡಿಸಿದರು. ಹೆಂಡತಿಯ ಮುಖವನ್ನೇ ನೋಡುತ್ತಾ ಕೂತರು.

"ಬೈದ್ ಬಡಿಸು ಮಂಗಳ," ಅಂದರು.

ಮಂಗಳಮ್ಮನಿಗೆ ಕಣ್ಣು ತುಂಬಿ ತಟ್ಟೆ, ಗಂಡ ಎಲ್ಲ ಕಲಸಿದ ಹಾಗೆ ಕಾಣಿಸಿತು. ಸೆರಗಿನಲ್ಲಿ ಒರೆಸಿಕೊಂಡು, ಇನ್ನೊಂದು ಸೌಟು ಸಾರು ಮುದ್ದೆಯ ಪಕ್ಕ ಸುರಿದರು.

"ನಿಮ್ಗ್ ಬೇರೆ ಕೇಡು. ಆರೋದ್ ಮುದ್ದೆ ಯಾರ್ ತಿಂತಾರೆ, ನಿಮ್ ತಾತ ಬತ್ತಾನಾ? ತಗೊಳಿ, ತಿಂದ್..."

ಅಲ್ಲಿಗೆ ನಿಂತರು. ಕಿಟಕಿಯ ಆಚೆ ಆಕಾಶ ಇನ್ನೂ ಕೆಂಪಗಿತ್ತು, ದೀಪ ಹಚ್ಚುವ ಹೊತ್ತು.

"ತಿಂದ್ ನೂರ್ ವರ್ಷ ಇಲ್ಲೇ ಬಿದ್ದಿರಿ," ಅಂದರು ಮಂಗಳಮ್ಮ, ಆಕಾಶಕ್ಕೆ ಕೇಳುವಷ್ಟು ಜೋರಾಗಿ.

ಪುಟ್ಟಸ್ವಾಮಿ ಮುದ್ದೆ ಮುರಿದರು.